ಎಂಟು ಮಿಲಿಮೀಟರ್ ಡಂಜನ್: ಪ್ಲಾಸ್ಟರ್ ಟೈಲ್ ಎರಕ ಹೊಯ್ಯುವ ನನ್ನ ಕ್ರಮ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಮೇಜಿನ ಆಟದಲ್ಲಿ ಪಾತ್ರಗಳ ಪುಟ್ಟ ಗೊಂಬೆಗಳನ್ನು ನಿಲ್ಲಿಸಿ ಆಡಲು ಜೋಡಿಸುವ ಕಲ್ಲು ನೆಲದ ತುಂಡುಗಳೇ ಡಂಜನ್ ಟೈಲ್. ಇದನ್ನು ಮಾಡಬೇಕು ಅಂತ ಬರುವವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಕಲ್ಲಿನ ಹಾಗೆ ಕಾಣಿಸೋದು ಹೇಗೆ, ಪಾಚಿ ಹೇಗೆ ತೋರಿಸೋದು, ಹೀಗೆ. ನಾನು ತಿರುಗಿ ಕೇಳುವುದು ಒಂದೇ: ದಪ್ಪ ಎಷ್ಟು? ಎಲ್ಲ ಟೈಲಿಗೂ ಅಷ್ಟೇನಾ?

ಬಣ್ಣ ಚೆನ್ನಾಗಿ ಬರದಿದ್ದರೆ ಇನ್ನೊಮ್ಮೆ ಬಳಿಯಬಹುದು. ಮೂಲೆ ಮುರಿದರೆ ಹಳೆ ಕೋಟೆ ಅಂದುಕೊಂಡು ಆಡಬಹುದು. ಆದರೆ ಒಂದು ಟೈಲ್ 8 ಮಿ.ಮೀ. ಇದ್ದು ಪಕ್ಕದ್ದು 9 ಇದ್ದರೆ ಏನೂ ಮಾಡೋಕಾಗಲ್ಲ. ಗೊಂಬೆ ಸಂದಿಯ ಮೇಲೆ ಓಲಾಡುತ್ತದೆ. ಓಗರ್ ಅನ್ನುವ ದೊಡ್ಡ ರಾಕ್ಷಸ ಗೊಂಬೆ ನಾಲ್ಕು ಚೌಕದ ಮೇಲೆ ನಿಂತರೆ ಒಂದು ಕಾಲು ಗಾಳಿಯಲ್ಲಿ. ಹಾಗಾಗಿ ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ದಪ್ಪದ ಕಥೆಯೇ.

ನಾನು ದಾವಣಗೆರೆಯಲ್ಲಿ ಡೆಂಟಲ್ ಲ್ಯಾಬ್ ಟೆಕ್ನಿಷಿಯನ್. ವಾರವೆಲ್ಲಾ ಹಲ್ಲಿನ ಅಳತೆಗೆ ಸ್ಟೋನ್, ಅಂದರೆ ಒಂದು ಬಗೆಯ ಗಟ್ಟಿ ಪ್ಲಾಸ್ಟರ್, ಹೊಯ್ಯುವುದೇ ಕೆಲಸ. ರಜೆ ದಿನ ಅದೇ ರಬ್ಬರ್ ಬೌಲ್ ಹಿಡಿದು ಡಂಜನ್ ಹೊಯ್ಯುತ್ತೇನೆ. ಅದಕ್ಕೇ ಈ ಕ್ರಮದಲ್ಲಿ ಲ್ಯಾಬಿನ ಚಾಳಿ ಸ್ವಲ್ಪ ಜಾಸ್ತಿ. ಎಲ್ಲವನ್ನೂ ತೂಕ ಮಾಡುತ್ತೇನೆ.

ಅಳತೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂದ ಆಟ. ಮೇಜಿನ ಮೇಲಿನ ಒಂದು ಇಂಚು ಅಂದರೆ ಆಟದೊಳಗೆ ಐದು ಅಡಿ, ಈಗ ಎಲ್ಲರೂ ಆಡುವ ಲೆಕ್ಕ ಇದೇ. ಮನುಷ್ಯ ಗಾತ್ರದ ಗೊಂಬೆಗೆ ಒಂದು ಇಂಚಿನ ಪೀಠ, ಓಗರ್ ತರಹದ ದೊಡ್ಡವಕ್ಕೆ ಎರಡು ಇಂಚು. ನಾನು ಮಾಡುವುದು ಎರಡು ಇಂಚಿನ ಚೌಕ ಟೈಲ್. ನಾಲ್ಕು ಮನೆ, ಹತ್ತು ಅಡಿ ಅಗಲದ ಓಣಿ. ಒಂದೊಂದೇ ಇಂಚಿನ ಟೈಲ್ ಮಾಡಿದರೆ ಜೋಡಿಸುವುದರಲ್ಲೇ ಸಂಜೆ ಮುಗಿಯುತ್ತದೆ.

ಎರಡು ಇಂಚು ಅಂದರೆ 50.8 ಮಿ.ಮೀ. ನಾನು ಮೂಲ ಮಾದರಿಯನ್ನು, ಅಂದರೆ ಅಚ್ಚು ತೆಗೆಯಲು ಮೊದಲು ಮಾಡುವ ಟೈಲನ್ನು, 50.5ಕ್ಕೆ ಕತ್ತರಿಸುತ್ತೇನೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಕುಗ್ಗುವುದಿಲ್ಲ, ಹಿಗ್ಗುತ್ತದೆ. ಸಾಮಾನ್ಯ ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) 0.2 ರಿಂದ 0.3 ಪರ್ಸೆಂಟ್ ಹಿಗ್ಗುತ್ತದೆ. ಕೇಳೋಕೆ ಏನೂ ಅಲ್ಲ. ಆದರೆ ಹತ್ತು ಟೈಲ್ ಸಾಲಾಗಿ ಇಟ್ಟರೆ ಒಂದೂವರೆ ಮಿ.ಮೀ.ವರೆಗೆ ಬರುತ್ತದೆ. ಅದರ ಮೇಲೆ ಅಂಚಿಗೆ ಬಣ್ಣದ ಪದರ ಬೇರೆ.

ದಪ್ಪ 8 ಮಿ.ಮೀ. ಆರಕ್ಕಿಂತ ಕಡಿಮೆ ಮಾಡಿದರೆ ಕೈಜಾರಿದಾಗ ಮೂಲೆ ಹೋಗುತ್ತದೆ. ಹನ್ನೆರಡು ಮಾಡಿದರೆ ಡಬ್ಬಿ ಎತ್ತಲು ಇನ್ನೊಬ್ಬರು ಬೇಕು.

ಯಾವ ಪುಡಿ?

ಫಾಲ್ಸ್ ಸೀಲಿಂಗ್ ಕೆಲಸಕ್ಕೆ ಮೂಟೆಯಲ್ಲಿ ಬರುವ ಪಿಒಪಿ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಕಲಿಯೋಕೆ ಅದೇ ಸಾಕು. ಆದರೆ ಆಟದ ಮೇಜಿಗೆ ನಾನು ಡೆಂಟಲ್ ಸ್ಟೋನ್ ಬಳಸುತ್ತೇನೆ. ಟೈಪ್ 3 ಅಂತ ಕೇಳಿ, ಸಾಮಾನ್ಯವಾಗಿ ಹಳದಿ ಬಣ್ಣದ್ದು. ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳಿರುವುದರಿಂದ ಇಂಥ ಅಂಗಡಿ ಹುಡುಕುವುದು ಕಷ್ಟವಲ್ಲ. ಮಂಗಳೂರು, ಮಣಿಪಾಲ, ಬೆಂಗಳೂರಿನವರಿಗೂ ಅಷ್ಟೇ. ಟೈಪ್ 4 ಇನ್ನೂ ಗಟ್ಟಿ, ಆದರೆ ನೆಲದ ಟೈಲಿಗೆ ಅಷ್ಟು ದುಡ್ಡು ಹಾಕುವುದು ದಂಡ.

ಪಿಒಪಿ, ಸ್ಟೋನ್ ಎರಡೂ ಒಂದೇ ವಸ್ತು. ಜಿಪ್ಸಮ್ಮನ್ನು ಕಾಯಿಸಿ ನೀರು ಹಾರಿಸಿದ ಪುಡಿ. ವ್ಯತ್ಯಾಸ ಕಣದಲ್ಲಿದೆ. ಪಿಒಪಿಯ ಕಣ ಒಡ್ಡೊಡ್ಡು, ತೂತುತೂತು, ನೀರು ಜಾಸ್ತಿ ಕುಡಿಯುತ್ತದೆ. ಸ್ಟೋನ್ ಒತ್ತಡದ ಹಬೆಯಲ್ಲಿ ಬೆಂದದ್ದು, ಕಣ ದಟ್ಟ, ಕಡಿಮೆ ನೀರು ಸಾಕು. 100 ಗ್ರಾಂ ಪುಡಿ ಮತ್ತೆ ಜಿಪ್ಸಮ್ ಆಗಲು ಬೇಕಾದ್ದು ಬರೀ 18.6 ಗ್ರಾಂ ನೀರು. ಉಳಿದದ್ದೆಲ್ಲ ಕಲಸಲು, ಹೊಯ್ಯಲು ಅನುಕೂಲಕ್ಕೆ. ಪಿಒಪಿಗೆ 50 ಮಿ.ಲೀ. ಹಾಕಿದರೆ 31 ಮಿ.ಲೀ. ಒಣಗಿ ಹೋಗುತ್ತದೆ, ಅದು ಇದ್ದ ಜಾಗವೆಲ್ಲ ತೂತು. ಸ್ಟೋನಿಗೆ 30 ಮಿ.ಲೀ. ಸಾಕು, ಹೋಗುವುದು ಹನ್ನೊಂದೇ ಚಿಲ್ಲರೆ. ಟೈಲ್ ಯಾಕೆ ಗಟ್ಟಿ ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಒಂದೇ ಸೆಟ್ಟಿನಲ್ಲಿ ಎರಡನ್ನೂ ಬೆರೆಸಬೇಡಿ. ಹಿಗ್ಗುವುದು ಬೇರೆ ಬೇರೆ.

ಮೂಲ ಮಾದರಿ

ಈ ಹವ್ಯಾಸದಲ್ಲಿ ಅಮೆರಿಕದ ಬ್ರೂಸ್ ಹರ್ಸ್ಟ್ ಅವರ ಹರ್ಸ್ಟ್ ಆರ್ಟ್ಸ್ ಅಚ್ಚುಗಳು ತುಂಬಾ ಹೆಸರುವಾಸಿ. ಅದರಲ್ಲಿ ಚಿಕ್ಕ ಚಿಕ್ಕ ಕಲ್ಲುಗಳನ್ನು ಎರಕ ಹೊಯ್ದು, ಅಂಟಿಸಿ, ಗೋಡೆ ಗೋಪುರ ಕಟ್ಟುವುದು. ಚೆಂದದ ಕೆಲಸ, ಆದರೆ ತಾಳ್ಮೆಯ ಕೆಲಸ. ನನಗೆ ಬೇಕಿದ್ದದ್ದು ನೆಲ ಅಷ್ಟೇ. ಹಾಗಾಗಿ ಇಡೀ ಟೈಲನ್ನೇ ಒಮ್ಮೆಗೆ ಹೊಯ್ಯುವ ಅಚ್ಚು ಮಾಡಿಕೊಂಡಿದ್ದೇನೆ.

ಎಲ್ಲರೂ ಥರ್ಮಾಕೋಲ್ ಜಾತಿಯ ಗಟ್ಟಿ ಫೋಮ್ ಮೇಲೆ ಪೆನ್ನಿನಿಂದ ಗೆರೆ ಎಳೆದು, ಅಲ್ಯೂಮಿನಿಯಂ ಫಾಯಿಲ್ ಉಂಡೆ ಒತ್ತಿ ಮಾದರಿ ಮಾಡುತ್ತಾರೆ. ಬೇಗ ಆಗುತ್ತದೆ, ನಿಜ. ನನಗೆ ಅದು ಕಲ್ಲಿನ ಹಾಗೆ ಕಾಣುವುದಿಲ್ಲ, ಫಾಯಿಲ್ ಒತ್ತಿದ ಫೋಮಿನ ಹಾಗೇ ಕಾಣುತ್ತದೆ. ಕಲ್ಲಿನ ಹಾಗೆ ಒಡೆಯುವ ವಸ್ತು ಕೈಯಲ್ಲೇ ಇದೆಯಲ್ಲ. ಗಾಜಿನ ಮೇಲೆ ಮೂರು ಮಿ.ಮೀ. ದಪ್ಪದ ಪ್ಲಾಸ್ಟರ್ ಹಾಳೆ ಹೊಯ್ಯಿರಿ. ಒಣಗಿದ ಮೇಲೆ ಕೈಯಿಂದ ಮುರಿಯಿರಿ. ಆ ಮುರಿದ ಅಂಚೇ ಹಾಸುಗಲ್ಲಿನ ಅಂಚು. ಚೂರುಗಳನ್ನು ಎರಡಿಂಚಿನ ಚೌಕದೊಳಗೆ ಜೋಡಿಸಿ ನೋಡಿ, ಇಷ್ಟವಾಗುವವರೆಗೆ ಬದಲಾಯಿಸಿ.

ಈಗ ದಪ್ಪದ ವಿಷಯ. ಚೂರುಗಳನ್ನು ಅಕ್ರಿಲಿಕ್ ಹಲಗೆಯ ಮೇಲೆ ನೇರ ಅಂಟಿಸಿದರೆ ಒಂದು ಎತ್ತರ, ಒಂದು ತಗ್ಗು. ಅದಕ್ಕೆ ಉಲ್ಟಾ ಮಾಡಬೇಕು. ಒಂದು ಗಾಜು ತಗೊಳ್ಳಿ, ಸ್ವಲ್ಪ ವ್ಯಾಸಲಿನ್ ಸವರಿ. ಚೂರುಗಳನ್ನು ಮುಖ ಕೆಳಗೆ ಮಾಡಿ ಅದರ ಮೇಲೆ ಜೋಡಿಸಿ. ಸಂದಿಗಳಿಗೆ ಮೆತ್ತನೆ ಮೇಣದ ಎಳೆ ಒತ್ತಿ, ಒಂದು ಮಿ.ಮೀ. ಸಾಕು. ಇದರಿಂದ ಕಲ್ಲುಗಳ ನಡುವಿನ ತಗ್ಗು ಉಳಿಯುತ್ತದೆ. ಮೇಲೆ ಎಂ-ಸೀಲ್ ಕಲಸಿ ಹರಡಿ. ಅದರ ಮೇಲೆ 50.5 ಮಿ.ಮೀ.ಗೆ ಲೇಸರ್‌ನಲ್ಲಿ ಕತ್ತರಿಸಿದ ಚೌಕ ಅಕ್ರಿಲಿಕ್. ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಕತ್ತರಿಸಿ ಕೊಡುತ್ತಾರೆ, ಕೈಯಲ್ಲಿ ಕತ್ತರಿಸುವ ಸಾಹಸ ಬೇಡ. ಗಾಜಿನ ನಾಲ್ಕು ಮೂಲೆಗೆ 5 ಮತ್ತು 3 ಮಿ.ಮೀ. ಅಕ್ರಿಲಿಕ್ ತುಂಡು ಒಂದರ ಮೇಲೊಂದು ಇಟ್ಟು 8 ಮಿ.ಮೀ. ಕಂಬ ಮಾಡಿ. ಮೇಲಿಂದ ಇನ್ನೊಂದು ಗಾಜು ಇಟ್ಟು, ಅದು ಕಂಬಕ್ಕೆ ತಾಗುವವರೆಗೆ ಒತ್ತಿ, ಭಾರ ಹೇರಿ ಬಿಡಿ.

ಮರುದಿನ ಬಿಡಿಸಿದರೆ ಎಲ್ಲ ಚೂರಿನ ಮುಖವೂ ಒಂದೇ ಮಟ್ಟದಲ್ಲಿ, ಹಿಂಬದಿಯಿಂದ ಸರಿಯಾಗಿ 8 ಮಿ.ಮೀ. ಎತ್ತರದಲ್ಲಿ ಇರುತ್ತದೆ. ಅಂಚಿನಿಂದ ಹೊರಗೆ ಬಂದ ಎಂ-ಸೀಲನ್ನು ಅಕ್ರಿಲಿಕ್ ಅಂಚಿಗೆ ಬ್ಲೇಡ್ ತಾಗಿಸಿ ಕೆತ್ತಿ ತೆಗೆಯಿರಿ. ಮೇಣ ಬಿಸಿನೀರಿಗೆ ಕರಗಿ ಹೋಗುತ್ತದೆ.

ಇನ್ನು ಮೇಲ್ಮೈ. ಇಲ್ಲಿ ಒಂದೇ ನಿಯಮ: ಕೆತ್ತಬಹುದು, ಸೇರಿಸುವಂತಿಲ್ಲ. ಬಿರುಕು, ಉಳಿಯ ಏಟು, ಸವೆದ ಗುಂಡಿ, ಯಾವುದಾದರೂ ಸರಿ, ಎಲ್ಲ ಒಳಕ್ಕೆ ಇಳಿಯಬೇಕು. ಮೇಲಕ್ಕೆ ಎದ್ದ ಒಂದು ಚೂರು ಇದ್ದರೂ ಗೊಂಬೆ ಅದರ ಮೇಲೆ ಕುಂಟುತ್ತದೆ. ತಂತಿ ಬ್ರಷ್ಷಿನಿಂದ ಕುಟ್ಟಿದರೆ ಗ್ರಾನೈಟಿನ ಒರಟು ಬರುತ್ತದೆ. ಹಂಪಿಗೆ ಹೋದವರು ಬಂಡೆಯ ಅಂಚಿನಲ್ಲಿ ಸಾಲಾಗಿ ಕೊರೆದ ಚೌಕ ಗುಳಿಗಳನ್ನು ನೋಡಿರುತ್ತಾರೆ. ಕಲ್ಲು ಸೀಳಲು ಬೆಣೆ ಹೊಡೆದ ಗುರುತು ಅದು. ಟೈಲಿನ ಒಂದು ಬದಿಗೆ ಅಂಥ ನಾಲ್ಕು ಗುಳಿ ಕೊರೆದರೆ ಸಾಕು, ಇದನ್ನು ಯಾರೋ ಕಡಿದು ತಂದು ಹಾಸಿದ್ದಾರೆ ಅನ್ನಿಸುತ್ತದೆ. ಮೊನಚಾದ ಚದರ ಕಡ್ಡಿ ಒಂದಿದ್ದರೆ ಎರಡು ನಿಮಿಷದ ಕೆಲಸ.

ಎಷ್ಟು ಮಾದರಿ ಬೇಕು? ಆರು. ಚೌಕ ಟೈಲನ್ನು ನಾಲ್ಕು ದಿಕ್ಕಿಗೆ ತಿರುಗಿಸಬಹುದು, ಅಂದರೆ ಇಪ್ಪತ್ನಾಲ್ಕು ಮುಖ. ಪುನರಾವರ್ತನೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಂದು ಮಾದರಿಯಲ್ಲಿ ತೀರಾ ಎದ್ದು ಕಾಣುವ ಬಿರುಕು ಹಾಕಬೇಡಿ. ಅದೇ ಬಿರುಕು ಮೇಜಿನ ಮೇಲೆ ಎಂಟು ಕಡೆ ಕಂಡರೆ ಎಲ್ಲ ಮೋಡಿ ಹೋಯ್ತು.

ಏಳನೆಯದು ನನ್ನ ಇಷ್ಟದ್ದು, ಕಿಂಡಿ ಟೈಲ್. ಚಿತ್ರದುರ್ಗ ನಮಗೆ ಒಂದು ಗಂಟೆಯ ದಾರಿ. ಓಬವ್ವನ ಕಿಂಡಿ ನೋಡಿದವರಿಗೆ ಗೊತ್ತು, ಒಬ್ಬೊಬ್ಬರೇ ನುಸುಳಬೇಕು. ಒನಕೆ ಹಿಡಿದ ಒಬ್ಬ ಹೆಂಗಸು ಹೈದರಾಲಿಯ ಸೈನಿಕರನ್ನು ಅಲ್ಲಿ ತಡೆದಳು ಅಂದರೆ, ಆ ಜಾಗದ ಗುಟ್ಟು ಇರುವುದು ಅಗಲದಲ್ಲಿ. ಆಟದಲ್ಲೂ ಇದು ಹಾಗೇ ಕೆಲಸ ಮಾಡುತ್ತದೆ: ಹತ್ತು ಅಡಿ ಓಣಿ ಒಮ್ಮೆಲೇ ಐದು ಅಡಿಗೆ ಇಳಿದರೆ ಓಗರ್ ಮೈ ಹಿಂಡಿಕೊಂಡು ನುಸುಳಬೇಕು, ಹಿಂದಿನವರು ಸಾಲುಗಟ್ಟಿ ಕಾಯಬೇಕು. ಟೈಲಿನ ನಡುವೆ ಒಂದು ಇಂಚಿನ ದಾರಿ ಬಿಟ್ಟು ಎರಡೂ ಬದಿ ಅರ್ಧರ್ಧ ಇಂಚು ಬಂಡೆ ಎಬ್ಬಿಸಿ. ಬಂಡೆಗೆ ಒಡೆದ ಪ್ಲಾಸ್ಟರ್ ಗಟ್ಟಿಯೇ ಸಾಕು. ಇದು ಎತ್ತರ ಇರುವುದರಿಂದ ಬೇರೆಯೇ ಅಚ್ಚು ಮಾಡಿಕೊಳ್ಳಿ. ನಡುವಿನ ದಾರಿ ಮಾತ್ರ 8 ಮಿ.ಮೀ.ಯಲ್ಲೇ ಇರಲಿ.

ಸಿಲಿಕೋನ್ ಅಚ್ಚು

ಮಾದರಿ ಪ್ಲಾಸ್ಟರಿನದು, ನೀರು ಹೀರುತ್ತದೆ. ಮೊದಲು ಎರಡು ಕೋಟ್ ವಾರ್ನಿಷ್ ಅಥವಾ ಫ್ರೆಂಚ್ ಪಾಲಿಶ್ ಕೊಟ್ಟು ಒಣಗಿಸಿ, ಮೇಲೆ ವ್ಯಾಸಲಿನ್ನನ್ನು ಬ್ರಷ್ಷಿನಿಂದ ತೆಳ್ಳಗೆ ಒರೆಸಿ.

ಆರೂ ಮಾದರಿಗಳನ್ನು ಗಾಜಿನ ಮೇಲೆ ಮೂರರಂತೆ ಎರಡು ಸಾಲು ಅಂಟಿಸಿ, ನಡುವೆ ಮತ್ತು ಸುತ್ತ 10 ಮಿ.ಮೀ. ಬಿಡಿ. ಸುತ್ತಲೂ 16 ಮಿ.ಮೀ. ಎತ್ತರದ ಅಕ್ರಿಲಿಕ್ ಪಟ್ಟಿಯ ಗೋಡೆ, ಹಾಟ್ ಗ್ಲೂನಿಂದ ಸಂದಿ ಮುಚ್ಚಿ. ಇಷ್ಟಕ್ಕೆ ಸಿಲಿಕೋನ್ 300 ರಿಂದ 350 ಗ್ರಾಂ ಬೇಕು.

ಸಿಲಿಕೋನಿನಲ್ಲಿ ಎರಡು ಜಾತಿ. ಬಾಟಲಿಯಷ್ಟು ರಬ್ಬರಿಗೆ ಹನಿಯಷ್ಟು ಕ್ಯಾಟಲಿಸ್ಟ್ ಹಾಕುವುದು ಟಿನ್ ಜಾತಿ, ಅಗ್ಗ, ಹೆಚ್ಚು ತಕರಾರಿಲ್ಲ. ಸಮಸಮ ಬೆರೆಸುವುದು ಸಾಮಾನ್ಯವಾಗಿ ಪ್ಲಾಟಿನಂ ಜಾತಿ, ದುಬಾರಿ, ಬಾಳಿಕೆ ಜಾಸ್ತಿ. ಪ್ಲಾಟಿನಂ ತಗೊಂಡರೆ ಒಂದು ಎಚ್ಚರ: ಲೇಟೆಕ್ಸ್ ಗ್ಲೌಸ್ ಹಾಕಿ ಮುಟ್ಟಬೇಡಿ. ಅದರಲ್ಲಿರುವ ಗಂಧಕ ತಾಗಿದರೆ ಸಿಲಿಕೋನ್ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಹಲ್ಲಿನ ಡಾಕ್ಟರುಗಳಿಗೆ ಇದು ಹಳೆ ಪಾಠ. ನೈಟ್ರೈಲ್ ಗ್ಲೌಸ್ ಹಾಕಿ. ಗಂಧಕ ಇರುವ ಮಾಡೆಲಿಂಗ್ ಕ್ಲೇ ಕೂಡ ಹತ್ತಿರ ತರಬೇಡಿ.

ಕ್ಯಾಟಲಿಸ್ಟನ್ನು ಡಬ್ಬಿಯ ಮೇಲೆ ಬರೆದಷ್ಟೇ, ತೂಕದಲ್ಲಿ ಹಾಕಿ. ಮೊದಲು ಸ್ವಲ್ಪ ತಗೊಂಡು ಮಾದರಿಗಳ ಮೇಲೆ ಬ್ರಷ್ಷಿನಿಂದ ಸವರಿ, ಬಿರುಕಿನೊಳಗೆ ಗಾಳಿ ಉಳಿಯಬಾರದು. ಉಳಿದದ್ದನ್ನು ಪೆಟ್ಟಿಗೆಯ ಒಂದು ಮೂಲೆಯಿಂದ, ಎತ್ತರದಿಂದ, ದಾರದಷ್ಟು ಸಣ್ಣಗೆ ಹೊಯ್ಯಿರಿ. ಬೀಳುವಾಗಲೇ ಗುಳ್ಳೆ ಒಡೆಯುತ್ತದೆ. ಗೋಡೆಯ ಮಟ್ಟಕ್ಕೆ ತುಂಬಿದ ಮೇಲೆ ಒಂದು ಬದಿಯಿಂದ ನಿಧಾನಕ್ಕೆ ಗಾಜು ಇಳಿಸಿ ಮುಚ್ಚಿ. ಗಟ್ಟಿಯಾದ ಮೇಲೆ ಮಗುಚಿ ಮಾದರಿಗಳನ್ನು ಬಿಡಿಸಿದರೆ ಗಾಜು ಮುಚ್ಚಿದ ಈ ಬದಿಯೇ ಅಚ್ಚಿನ ತಳ. ತಳ ಸಪಾಟಾಗಿಲ್ಲದಿದ್ದರೆ ಅಚ್ಚು ಮೇಜಿನ ಮೇಲೆ ಡೊಂಕಾಗಿ ಕೂರುತ್ತದೆ. ಅಚ್ಚು ಡೊಂಕಾದರೆ ಟೈಲ್ ಡೊಂಕು.

ಹೊಯ್ಯುವುದು

100 ಗ್ರಾಂ ಸ್ಟೋನಿಗೆ 30 ಮಿ.ಲೀ. ನೀರು ಹಾಕಿದರೆ ಸುಮಾರು 65 ಸಿ.ಸಿ. ಆಗುತ್ತದೆ. ಒಂದು ಟೈಲಿಗೆ ಬೇಕಾದ್ದು 20 ಸಿ.ಸಿ.ಗಿಂತ ಸ್ವಲ್ಪ ಜಾಸ್ತಿ. ಹಾಗಾದರೆ ಆರು ಟೈಲಿಗೆ 200 ಗ್ರಾಂ ಪುಡಿ, 60 ಮಿ.ಲೀ. ನೀರು. ಒರೆಸಿ ತೆಗೆಯಲು ಒಂದೆರಡು ಚಮಚ ಉಳಿಯುತ್ತದೆ, ಅಷ್ಟು ಬೇಕು ಕೂಡ. ಪಿಒಪಿಯಾದರೆ 150 ಗ್ರಾಂಗೆ 75 ಮಿ.ಲೀ. ಹೆಚ್ಚು ಕಡಿಮೆ ಸಾಕು. ‘ದೋಸೆ ಹಿಟ್ಟಿನ ಹದಕ್ಕೆ ಕಲಸಿ’ ಅನ್ನುವವರ ಮಾತು ಕೇಳಬೇಡಿ. ಅವರವರ ಮನೆ ದೋಸೆ ಬೇರೆ. ಅಡುಗೆಮನೆ ತಕ್ಕಡಿ, ಔಷಧಿ ಅಂಗಡಿಯ ಸಿರಿಂಜು, ಇಷ್ಟಿದ್ದರೆ ಪ್ರತಿ ಸಲವೂ ಅದೇ ಗಟ್ಟಿತನ, ಅದೇ ಹಿಗ್ಗು.

ಟೈಲ್ ಮುರಿದರೆ ಒಳಗಿನ ಬಿಳಿ ಅಥವಾ ಹಳದಿ ಹಲ್ಲು ಕಿರಿಯಬಾರದು ಅಂತಿದ್ದರೆ ಪುಡಿಗೇ ಕಪ್ಪು ಆಕ್ಸೈಡ್ ಬೆರೆಸಿ. ಹಳೇ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದ ಆಕ್ಸೈಡಿನ ಕಪ್ಪು ಅಣ್ಣ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 200 ಗ್ರಾಂ ಪುಡಿಗೆ 5 ಗ್ರಾಂ ಸಾಕು. ಜಾಸ್ತಿಯಾದರೆ ಟೈಲ್ ಮೆತ್ತಗಾಗುತ್ತದೆ.

ಅಚ್ಚನ್ನು ಗಾಜಿನ ಮೇಲೆ ಇಡಿ, ಗಾಜನ್ನು ಮಟ್ಟಗೋಲು ಇಟ್ಟು ಸಮ ಮಾಡಿ. ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅಚ್ಚಿನೊಳಗೆ ಸ್ಪ್ರೇ ಮಾಡಿ, ಕೊಡವಿ. ಸಿಲಿಕೋನ್ ನೀರನ್ನು ದೂರ ತಳ್ಳುತ್ತದೆ. ಸೋಪು ನೀರು ಆ ಹಟ ಬಿಡಿಸುತ್ತದೆ, ಪ್ಲಾಸ್ಟರ್ ಬಿರುಕಿನ ತುದಿವರೆಗೂ ಇಳಿಯುತ್ತದೆ. ಹನಿ ನಿಂತಿರಬಾರದು. ನಿಂತರೆ ಆ ಜಾಗ ಪುಡಿಪುಡಿ.

ಬೌಲಿಗೆ ಮೊದಲು ನೀರು, ಆಮೇಲೆ ಪುಡಿ. ಉಲ್ಟಾ ಮಾಡಿದರೆ ತಳದಲ್ಲಿ ಗಂಟು. ಪುಡಿಯನ್ನು ಉದುರಿಸಿ ಅರ್ಧ ನಿಮಿಷ ಸುಮ್ನೆ ಬಿಡಿ, ನೀರು ಕುಡಿಯಲಿ. ಆಮೇಲೆ ಒಂದು ನಿಮಿಷ, ಬೌಲಿನ ಗೋಡೆಗೆ ಒತ್ತಿ ಒತ್ತಿ ಕಲಸಿ. ಮೊಟ್ಟೆ ಹೊಡೆದ ಹಾಗೆ ಗಿರಗಿರ ತಿರುಗಿಸಬೇಡಿ, ಗಾಳಿ ಸೇರುತ್ತದೆ. ಬೌಲಿನಲ್ಲಿ ಹಿಂದಿನ ಸಲದ ಒಣ ಚೂರು ಇದ್ದರೆ ತೆಗೆದುಬಿಡಿ. ಗಟ್ಟಿಯಾದ ಜಿಪ್ಸಮ್ಮಿನ ಕಣ ಬೀಜದ ಕೆಲಸ ಮಾಡಿ ಹೊಸ ಮಿಶ್ರಣವನ್ನು ಬೇಗ ಬಿಗಿಸುತ್ತದೆ.

ಮೊದಲು ತೆಳ್ಳನೆ ಪದರವನ್ನು ಬ್ರಷ್ಷಿನಿಂದ ಅಚ್ಚಿನ ತಳಕ್ಕೆ ಕುಟ್ಟಿ. ಆಮೇಲೆ ತುಂಬಿ. ಲ್ಯಾಬಿನಲ್ಲಿ ನಮಗೆ ವೈಬ್ರೇಟರ್ ಇದೆ. ಮನೆಯಲ್ಲಿ ಗಾಜಿನ ಕೆಳಗಿನ ಹಲಗೆಯನ್ನು ಗುದ್ದಿ, ಅಥವಾ ಬೆನ್ನು ಒತ್ತುವ ಮಸಾಜ್ ಮಷೀನನ್ನು ಹಲಗೆಗೆ ತಾಗಿಸಿ ಹಿಡಿಯಿರಿ. ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ.

ಅಚ್ಚಿನ ಅಂಚಿಗಿಂತ ಕೂದಲೆಳೆಯಷ್ಟು ಮೇಲಕ್ಕೆ ತುಂಬಿ, ಬಿಡಿ. ಇನ್ನು ಮೇಲ್ಮೈಯನ್ನು ನೋಡುತ್ತಾ ಇರಬೇಕು. ಒದ್ದೆ ಪ್ಲಾಸ್ಟರಿಗೆ ಒಂದು ಹೊಳಪು ಇರುತ್ತದೆ. ಸುಮಾರು ಹತ್ತು ನಿಮಿಷಕ್ಕೆ ಅದು ಮಾಯವಾಗುತ್ತದೆ, ಪುಡಿಯನ್ನು ಅವಲಂಬಿಸಿ ಹೆಚ್ಚು ಕಡಿಮೆ. ಹೊಳಪು ಹೋದ ಮೇಲೆ ಉಗುರು ಒತ್ತಿ. ಗುರುತು ಬೀಳಬೇಕು, ಉಗುರಿಗೆ ಅಂಟಬಾರದು. ಒರೆಸಬೇಕಾದ ಹೊತ್ತು ಇದೇ. ಇದಕ್ಕಿಂತ ಮೊದಲು ಎಳೆದರೆ ಸ್ಕೇಲಿನ ಹಿಂದೆ ಪ್ಲಾಸ್ಟರೂ ಬಂದು ಗುಂಡಿ ಬೀಳುತ್ತದೆ. ತಡವಾದರೆ ಸ್ಕೇಲ್ ಹತ್ತುವುದೇ ಇಲ್ಲ.

ಉದ್ದದ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಗರಗಸ ಆಡಿಸಿದ ಹಾಗೆ ಎಡಕ್ಕೆ ಬಲಕ್ಕೆ ಜರುಗಿಸುತ್ತಾ ಮುಂದೆ ತಳ್ಳಿ. ಕೈಭಾರ ಹಾಕಬೇಡಿ. ಸಿಲಿಕೋನ್ ಮೆತ್ತಗಿದೆ, ಒತ್ತಿದರೆ ನಡುವಿನ ಗೋಡೆ ತಗ್ಗಿ ನಡುವಿನ ಟೈಲುಗಳು ಮಾತ್ರ ತೆಳ್ಳಗಾಗುತ್ತವೆ. ಸ್ಕೇಲಿನ ಭಾರವೇ ಸಾಕು. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಎಳೆಯಿರಿ. ಅಷ್ಟರಲ್ಲಿ ಪ್ಲಾಸ್ಟರ್ ಸ್ವಲ್ಪ ಉಬ್ಬಿರುತ್ತದೆ.

ಆಮೇಲೆ ಟೈಲ್ ಬಿಸಿಯಾಗುತ್ತದೆ. ಪುಡಿ ನೀರು ಸೇರಿ ಜಿಪ್ಸಮ್ ಆಗುವಾಗ ಶಾಖ ಬಿಡುತ್ತದೆ. ಟೈಲಿನಷ್ಟು ಚಿಕ್ಕದಕ್ಕೆ ತೊಂದರೆಯಿಲ್ಲ, ಆದರೆ ಮಕ್ಕಳು ಜೊತೆಗಿದ್ದರೆ ಬಕೆಟ್ಟಿನ ಪ್ಲಾಸ್ಟರಿಗೆ ಕೈ ಅದ್ದಿ ಅಚ್ಚು ತೆಗೆಯುವ ಆಟಕ್ಕೆ ಬಿಡಬೇಡಿ. ದೊಡ್ಡ ಗಟ್ಟಿಯೊಳಗೆ ಸುಡುವಷ್ಟು ಶಾಖ ಬರುತ್ತದೆ, ಕೈ ಹೊರಗೆ ಬರುವುದೂ ಇಲ್ಲ. ಬಿಸಿ ಏರಿ ಇಳಿದ ಮೇಲೆ, ಮುಕ್ಕಾಲು ಗಂಟೆ ಬಿಟ್ಟು, ಅಚ್ಚನ್ನು ಮಗುಚಿ ಗೋಡೆಗಳನ್ನು ಹಿಂದಕ್ಕೆ ಬಗ್ಗಿಸಿ ಟೈಲ್ ಬಿಡಿಸಿ. ಟೈಲನ್ನು ಎಳೆಯಬೇಡಿ, ಸಿಲಿಕೋನನ್ನು ಎಳೆಯಿರಿ. ವರ್ನಿಯರ್ ಇದ್ದರೆ ನಾಲ್ಕೂ ಮೂಲೆ ಅಳೆಯಿರಿ. 0.3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಗಾಜಿನ ಮೇಲೆ ಮರಳು ಕಾಗದ ಅಂಟಿಸಿ ಟೈಲಿನ ಬೆನ್ನು ಉಜ್ಜಿ. ಹಸಿ ಇರುವಾಗಲೇ ಉಜ್ಜಿದರೆ ಧೂಳಿಲ್ಲ. ಒಣಗಿದ್ದನ್ನು ಉಜ್ಜುವುದಾದರೆ ಮಾಸ್ಕ್ ಹಾಕಿ.

ಬೌಲ್ ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ. ಪ್ಲಾಸ್ಟರ್ ನೀರೊಳಗೂ ಗಟ್ಟಿಯಾಗುತ್ತದೆ. ಲ್ಯಾಬುಗಳಲ್ಲಿ ಸಿಂಕಿನ ಕೆಳಗೆ ಇದಕ್ಕೆಂದೇ ಒಂದು ಟ್ರ್ಯಾಪ್ ಇರುತ್ತದೆ. ಮನೆಯಲ್ಲಿ ಬಕೆಟ್ಟಿನಲ್ಲಿ ತೊಳೆದು, ತಳಕ್ಕೆ ಕೂತ ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ.

ಒಣಗುವುದು, ಬಣ್ಣ

ಟೈಲುಗಳನ್ನು ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ನಿಲ್ಲಿಸಿ. ಎರಡೂ ಬದಿ ಗಾಳಿ ಆಡಬೇಕು. ಒಣಗಿತೋ ಇಲ್ಲವೋ ಅಂತ ಕೈಯಲ್ಲಿ ಮುಟ್ಟಿ ಹೇಳೋಕಾಗಲ್ಲ, ತೂಗಬೇಕು. ಸ್ಟೋನ್ ಟೈಲ್ ಹಸಿ ಇದ್ದಾಗ 40 ಗ್ರಾಂ ಹತ್ತಿರ, ಒಣಗಿದಾಗ 36-37. ಇವತ್ತಿನ ತೂಕ, ನಾಳೆಯ ತೂಕ ಒಂದೇ ಬಂದರೆ ಒಣಗಿದೆ. ಬೇಸಿಗೆಯಲ್ಲಿ ಬೇಗ, ಮಳೆಗಾಲದಲ್ಲಿ ದೇವರೇ ಗತಿ. ಅವಸರಕ್ಕೆ ಓವನ್ನಿಗೆ ಇಡಬೇಡಿ. 50 ಡಿಗ್ರಿ ದಾಟಿಸಿ ಹೊತ್ತು ಬಿಟ್ಟರೆ ಜಿಪ್ಸಮ್ ತನ್ನೊಳಗಿನ ನೀರನ್ನೇ ಬಿಡಲು ಶುರುಮಾಡಿ ಟೈಲ್ ಮೆತ್ತಗಾಗುತ್ತದೆ. ಬಿಸಿಲು ಸಾಕು.

ಬಣ್ಣ ಬೇಗ ಮುಗಿಯುವ ಕೆಲಸ. ಒಂದಕ್ಕೊಂದು ನೀರು ಸೇರಿಸಿದ ಫೆವಿಕಾಲ್ ಒಂದು ಕೋಟ್, ಟೈಲ್ ಬಣ್ಣ ಕುಡಿಯದಿರಲಿ ಅಂತ. ಮೇಲೆ ಗಾಢ ಬೂದು ಅಕ್ರಿಲಿಕ್. ಒಣಗಿದ ಮೇಲೆ ಕಂದು ಬಣ್ಣವನ್ನು ನೀರಾಗಿಸಿ ಸಂದಿಗೆ ಇಳಿಸಿ. ಕೊನೆಗೆ ತಿಳಿ ಬೂದನ್ನು ಬ್ರಷ್ಷಿಗೆ ತಗೊಂಡು, ಬಟ್ಟೆಗೆ ಒರೆಸಿ, ಹೆಚ್ಚು ಕಡಿಮೆ ಒಣ ಬ್ರಷ್ಷಿನಿಂದ ಮೇಲ್ಮೈ ಸವರಿ. ಕಲ್ಲಿನ ಒರಟು ತಾನಾಗಿ ಎದ್ದು ಬರುತ್ತದೆ. ಮಾದರಿಗೆ ಪಟ್ಟ ಶ್ರಮ ಇಲ್ಲಿ ವಾಪಸ್ ಬರುತ್ತದೆ. ನಾಲ್ಕು ಅಂಚಿಗೆ ಮಾತ್ರ ದಪ್ಪ ಬಣ್ಣ ಬೇಡ, ಜೋಡಣೆ ಕೆಡುತ್ತದೆ.

ಮ್ಯಾಟ್ ವಾರ್ನಿಷ್ ಎರಡು ಕೋಟ್ ಕೊಡಲೇಬೇಕು. ನಮ್ಮೂರಲ್ಲಿ ನಾಲ್ಕು ಜನ ಆಟಕ್ಕೆ ಕೂತರೆ ಮಂಡಕ್ಕಿ, ಮಿರ್ಚಿ ಬಂದೇ ಬರುತ್ತದೆ. ಮಿರ್ಚಿ ತಿಂದ ಕೈ ಟೈಲಿಗೆ ತಾಗಿದರೆ, ವಾರ್ನಿಷ್ ಇಲ್ಲದ ಪ್ಲಾಸ್ಟರ್ ಆ ಎಣ್ಣೆಯನ್ನು ಒಳಕ್ಕೆ ಎಳೆದುಕೊಂಡು ಮತ್ತೆ ಬಿಡುವುದಿಲ್ಲ. ಬೆನ್ನಿಗೆ ಫೆಲ್ಟ್ ಅಥವಾ ತೆಳ್ಳನೆ ಫೋಮ್ ಅಂಟಿಸುವುದಾದರೆ ಎಲ್ಲಕ್ಕೂ ಒಂದೇ ಹಾಳೆಯಿಂದ ಕತ್ತರಿಸಿದ್ದನ್ನೇ ಅಂಟಿಸಿ. ಅರ್ಧಕ್ಕೆ ಅಂಟಿಸಿ ಅರ್ಧಕ್ಕೆ ಬಿಟ್ಟರೆ ಇಷ್ಟು ಹೊತ್ತು ಕಾಪಾಡಿದ ದಪ್ಪ ಅಲ್ಲೇ ಹೋಯ್ತು.

ನಲವತ್ತು ಟೈಲ್ ಅಂದರೆ ಒಂದೂವರೆ ಕಿಲೋ. ಡಬ್ಬಿಯಲ್ಲಿ ಮಲಗಿಸಿ ಪೇರಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ, ನಡುವೆ ನ್ಯೂಸ್ ಪೇಪರ್ ಇಡಿ. ಉಳಿದ ಪುಡಿ ಬಿಗಿ ಮುಚ್ಚಳದ ಡಬ್ಬಿಗೆ ಹೋಗಲಿ, ತೇವ ಹಿಡಿದ ಪುಡಿ ಯಾವಾಗ ಬಿಗಿಯುತ್ತದೆ ಅಂತ ಹೇಳೋಕಾಗಲ್ಲ. ಅಚ್ಚನ್ನು ತೊಳೆದು, ಒಣಗಿಸಿ, ಸಪಾಟು ಜಾಗದಲ್ಲಿ ಬಾಯಿ ಮೇಲೆ ಮಾಡಿ ಇಡಿ. ಮಡಚಿ ಇಟ್ಟರೆ, ಮೇಲೆ ಭಾರ ಇಟ್ಟರೆ, ಸಿಲಿಕೋನ್ ಆ ಡೊಂಕನ್ನೇ ಕಲಿತುಬಿಡುತ್ತದೆ.